ಸಮಸ್ಯಾಪೂರಣ: ‘ನಡುಗುವ ಪಡೆಯೇ ಗೆಲಿದುದಲಾ’

ಸಮಸ್ಯೆ

ಕೊಟ್ಟ ಒಂದು ತೊಡಕಿನ ಸಾಲಿಗೆ ಉಳಿದ ಸಾಲು ಬರೆದು ಪದ್ಯ ಮುಗಿಸುವುದೇ ಸಮಸ್ಯಾಪೂರಣ. ಈ ಸಲದ ಸಾಲು: ನಡುಗುವ ಪಡೆಯೇ ಗೆಲಿದುದಲಾ

ಛಂದಸ್ಸು ಆರು ಸಾಲಿನ ಶರಷಟ್ಪದಿ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ; ದೀರ್ಘ ಅಥವಾ ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ; ಮಾತ್ರೆಗಳ ಗುಂಪು ಗಣ. 1, 2, 4, 5ನೆಯ ಸಾಲುಗಳಲ್ಲಿ ನಾಲ್ಕು ಮಾತ್ರೆಯ ಎರಡೆರಡು ಗಣ. 3 ಮತ್ತು 6ರಲ್ಲಿ ಅಂಥ ಮೂರು ಗಣ, ಮೇಲೊಂದು ಗುರು. ಕೊಟ್ಟ ಸಾಲು ಆರನೆಯದು: ನಡುಗುವ | ಪಡೆಯೇ | ಗೆಲಿದುದ | ಲಾ. ಎರಡನೆಯ ಅಕ್ಷರ ‘ಡ’, ಅದರ ಹಿಂದೆ ಹ್ರಸ್ವ. ಹಾಗಾಗಿ ಆರೂ ಸಾಲಿನ ಎರಡನೆಯ ಅಕ್ಷರ ಡಕಾರವೇ ಆಗಿ, ಹಿಂದೆ ಹ್ರಸ್ವವಿರುವ ಸಿಂಹಪ್ರಾಸವೇ ಬೇಕು. ‘ನಾಡು’, ‘ಕಾಡು’ ಎಂದು ದೀರ್ಘದಿಂದ ಶುರುಮಾಡಿದರೆ ಅದು ಗಜಪ್ರಾಸ, ಇಲ್ಲಿ ಸಲ್ಲದು.

ತೊಡಕಿರುವುದು ವಿಶೇಷಣದಲ್ಲಿ. ನಡುಗುವ ಪಡೆ ಸೋಲಬೇಕು, ಇಲ್ಲಿ ಗೆದ್ದಿದೆ. ಆ ‘ನಡುಗುವ’ ಯಾಕೆ, ಯಾರಿಗೆ ಅಂಟಿದೆ ಎಂದು ಉಳಿದ ಐದು ಸಾಲು ಹೇಳಬೇಕು.

ಪೂರಣ 1

ಕಡುಗಲಿ ವೀರರ
ಬಿಡದಿಹ ಶೂರರ
ಕಡುಪಿನ ಧೀರರ ಬಲುಸೇನೆ
ಹಿಡಿಯಲು ಬಿಲ್ಲನು
ಹೊಡೆಯಲು ಕೋಟೆಯ
ನಡುಗುವ ಪಡೆಯೇ ಗೆಲಿದುದಲಾ

ಪ್ರತಿಕ್ರಿಯೆ

ಮಾತ್ರೆ ಸರಿ, ಪ್ರಾಸ ಸರಿ, ಸಮಸ್ಯೆ ಮಾತ್ರ ಇದ್ದಲ್ಲೇ ಇದೆ. ಕಲಿ, ವೀರ, ಶೂರ, ಧೀರ: ನಾಲ್ಕೂ ಒಂದೇ ಚೀಲದ ಅಕ್ಕಿ. ವಿಶೇಷಣವನ್ನು ಒರೆಗೆ ಹಚ್ಚುವುದು ಸುಲಭ. ಪದವನ್ನು ಕಿತ್ತುಹಾಕಿ ಓದಿ. ಚಿತ್ರ ಬದಲಾಗದಿದ್ದರೆ ಅದು ಮಾತ್ರೆ ತುಂಬಲು ಬಂದ ಪದ. ಇಲ್ಲಿ ಮೊದಲೆರಡು ಸಾಲು ಪೂರ್ತಿ ತೆಗೆದರೂ ಏನೂ ಕಳೆಯುವುದಿಲ್ಲ. ಇಷ್ಟು ವೀರರೆಂದ ಮೇಲೆ ನಡುಗಿದ್ದೇಕೆ ಎಂಬ ಪ್ರಶ್ನೆ ಇನ್ನೂ ದೊಡ್ಡದಾಯಿತು.

‘ಬಿಡದಿಹ’ದಲ್ಲಿನ ‘ಇಹ’ ಕೂಡ ಅಂಥದ್ದೇ ಬೆಣೆ. ಷಟ್ಪದಿ ಬರೆಯುವವರು ಮೂರು ಮಾತ್ರೆಯ ‘ಹಸಿದ’, ‘ದಣಿದ’ಗಳಿಗೆ ‘ಇಹ’ ಸೇರಿಸಿ ನಾಲ್ಕು ಮಾಡುತ್ತಾರೆ. ಒಂದು ಪದ್ಯದಲ್ಲಿ ಒಂದು ಸಲವಾದರೆ ಕಿವಿ ಕ್ಷಮಿಸುತ್ತದೆ.

ಪೂರಣ 2

ಅಡವಿಯ ಮಂಜಲಿ
ಬಿಡದೆಚ್ಚರವಿರೆ
ಒಡಲನು ಕೊರೆಯುವ ಚಳಿಯೊಳಗೂ
ಸಡಿಲಿದ ಹಗೆಗಳು
ಪಡೆದರು ನಿದ್ದೆಯ
ನಡುಗುವ ಪಡೆಯೇ ಗೆಲಿದುದಲಾ

ಪ್ರತಿಕ್ರಿಯೆ

ನಡುಕ ಭಯದ್ದಲ್ಲ, ಚಳಿಯದು. ಚಳಿಗೆ ಎಚ್ಚರವಿದ್ದವರು ಗೆದ್ದರು. ಹಗೆಗಳು ‘ಪಡೆದದ್ದು’ ನಿದ್ದೆ, ಇತ್ತ ‘ಪಡೆ’ಗೆ ದಕ್ಕಿದ್ದು ಗೆಲುವು ಎಂಬ ಶ್ಲೇಷವೂ ಸದ್ದಿಲ್ಲದೆ ಕೂತಿದೆ. ‘ಸಡಿಲಿದ’ ಒಳ್ಳೆಯ ಆಯ್ಕೆ. ಹಗ್ಗದಂತೆ ಬಿಗಿ ತಪ್ಪಿದ ಗುಂಪು ಒಂದೇ ಪದದಲ್ಲಿ ಕಾಣುತ್ತದೆ.

ಸಮೂಹವನ್ನು ಬಣ್ಣಿಸುವಾಗ ವಿಶೇಷಣ ಗುಂಪಿಗೋ, ಗುಂಪಿನ ಒಬ್ಬೊಬ್ಬರಿಗೋ ಎಂದು ನೋಡಿಕೊಳ್ಳಬೇಕು. ‘ದಟ್ಟ’, ‘ಚದುರಿದ’, ‘ವಿರಳ’ ಗುಂಪಿಗೆ ಮಾತ್ರ. ಚದುರಿದ ಸೈನಿಕ ಎಂದರೆ ಅರ್ಥವೇ ಇಲ್ಲ. ‘ಹಸಿದ’, ‘ನರೆತ’, ‘ನಡುಗುವ’ ಒಬ್ಬೊಬ್ಬರಿಗೂ ಅಂಟಿ, ಅಲ್ಲಿಂದ ಗುಂಪಿಗೆ ಹರಡುತ್ತವೆ. ‘ದೊಡ್ಡ’ ಎಂಬುದಂತೂ ನಾಮಪದ ನೋಡಿ ಬಣ್ಣ ಬದಲಿಸುತ್ತದೆ: ದೊಡ್ಡ ದಂಡು ಎಂದರೆ ಎಣಿಕೆ, ದೊಡ್ಡ ಜನ ಎಂದರೆ ಅಂತಸ್ತು. ‘ಎತ್ತರದ ಪಡೆ’ ಎಂದು ಬರೆದರೆ ಗುಡ್ಡದ ಮೇಲೆ ನಿಂತಿದೆಯೋ, ಆಳುಗಳೇ ಎತ್ತರವೋ ಎಂದು ಓದುವವರು ತಡವರಿಸುತ್ತಾರೆ.

ಪ್ರಶ್ನೆ

ಪೂರಣ 2ರ ನಾಲ್ಕನೆಯ ಸಾಲನ್ನು ‘ಬಿಡಾರದೊಳಗಿನ’ ಎಂದು ಆರಂಭಿಸಬಹುದಿತ್ತೇ? ಎರಡನೆಯ ಅಕ್ಷರ ಡಕಾರವೇ ಅಲ್ಲವೇ? ‘ಮಹಾಪಡೆ’ ಎಂಬ ಪದಕ್ಕೂ ಜಾಗ ಹುಡುಕುತ್ತಿದ್ದೆ.

ಉತ್ತರ

ಪ್ರಾಸ ಕೂಡುತ್ತದೆ, ಗಣ ಕೂಡುವುದಿಲ್ಲ. ಬಿ-ಡಾ-ರ ಎಂದರೆ ಲಘು, ಗುರು, ಲಘು, ಅಂದರೆ ಜಗಣ. ಷಟ್ಪದಿಯ ನಾಲ್ಕು ಮಾತ್ರೆಯ ಗಣ ಮೊದಲ ಲಘುವಾದ ಒಡನೆಯೇ ಗುರು ಬಂದರೆ ಎಡವುತ್ತದೆ. ಬಾಯಿಬಿಟ್ಟು ಓದಿ, ಕಾಲು ತಟ್ಟನೆ ಜಾರಿದ ಹಾಗಾಗುತ್ತದೆ.

‘ಮಹಾಪಡೆ’ಗೆ ಎರಡು ದೋಷ. ‘ಮಹಾಪ’ ಮತ್ತೆ ಜಗಣ. ಜೊತೆಗೆ ಸಂಸ್ಕೃತದ ‘ಮಹಾ’ಕ್ಕೆ ಅಚ್ಚಗನ್ನಡದ ‘ಪಡೆ’ ಕಟ್ಟಿದ್ದರಿಂದ ಅರಿಸಮಾಸ. ‘ಹೆಬ್ಬಡೆ’ ಎನ್ನಿ, ಎರಡೂ ಕಳಂಕ ಹೋಗಿ ನಾಲ್ಕು ಮಾತ್ರೆಗೆ ಅಚ್ಚುಕಟ್ಟಾಗಿ ಕೂರುತ್ತದೆ. ಕಿರುಪಡೆ, ಮುಂಬಡೆ, ಹಿಂಬಡೆ ಎಲ್ಲವೂ ನಾಲ್ಕೇ. ‘ನಡುಗುವ ಸೈನ್ಯ’ ಎಂದರೆ ದೋಷವಿಲ್ಲ: ‘ನಡುಗುವ’ದಂಥ ಕೃದಂತ (ಧಾತುವಿನಿಂದಾದ ಪದ) ಮೊದಲಿಗಿರುವ ಗಮಕಸಮಾಸಕ್ಕೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲದಿಂದಲೂ ರಿಯಾಯಿತಿ ಉಂಟು.

ಮೂರು ಮಾತ್ರೆಯ ವಿಶೇಷಣವೇ ಬೇಕೆಂದರೆ ಭಾಮಿನಿ ಷಟ್ಪದಿಗೆ ಹೋಗಿ. ಅಲ್ಲಿ ನಡೆ ಮೂರು-ನಾಲ್ಕು: ‘ಹಸಿದ ಹೆಬ್ಬಡೆ’ ಬೆಣೆ ಬೇಡದೆ ಕೂರುತ್ತದೆ.

ಪೂರಣ 3

ಕೊಡಲಿಗು ಬಾಗದ
ಕಡುಗೊಬ್ಬಿನ ಮರ
ಬುಡಮೇಲಾಗಲು ಹೊಳೆಯುಕ್ಕಿ
ದಡದಲಿ ಬಾಗುವ
ಕುಡಿಕುಡಿ ಜೊಂಡಿನ
ನಡುಗುವ ಪಡೆಯೇ ಗೆಲಿದುದಲಾ

ಪ್ರತಿಕ್ರಿಯೆ

ಪಡೆಯನ್ನೇ ಜೊಂಡಾಗಿಸಿದ್ದು ಜಾಣತನ. ‘ಬಾಗದ’ ಮರಕ್ಕೆ ಎದುರು ‘ಬಾಗುವ’ ಜೊಂಡು, ಒಂದೇ ಧಾತುವಿನ ನಿಷೇಧ ಮತ್ತು ವಿಧಿ. ‘ಕುಡಿಕುಡಿ’ಯಿಂದ ನಡುಕ ಒಂದೊಂದು ಕುಡಿಗೂ ಹಂಚಿಹೋಯಿತು. ಮೂರನೆಯ ಸಾಲಿನ ಕೊನೆಯ ‘ಕ್ಕಿ’ ಲಘುವಲ್ಲವೇ ಎನ್ನುವವರಿಗೆ: ಅಲ್ಲಿ ಅದು ಗುರುವೆಂದೇ ಲೆಕ್ಕ. ಒಂದೇ ಆಕ್ಷೇಪ: ನೀತಿಕತೆಯ ವಾಸನೆ ತುಸು ಜಾಸ್ತಿ.

ಪೂರಣ 4

ಗುಡುಗದೆ ಮೊಳಗದೆ
ನಡೆದುದು ಮೌನದಿ
ಹಿಡಿಯಷ್ಟೇ ಜನ, ಬಿಗಿಹೆಜ್ಜೆ
ಗಡಿಯಲಿ ಕಂಡರೆ
ಗಡಗಡ ಹಗೆಗಳು
ನಡುಗುವ ಪಡೆಯೇ ಗೆಲಿದುದಲಾ

ಪ್ರತಿಕ್ರಿಯೆ

ಇದು ಬೀಗ ಒಡೆದದ್ದಲ್ಲ, ಕೀಲಿಕೈಯಿಂದ ತೆಗೆದದ್ದು. ಕನ್ನಡದ ಕೃದಂತ ವಿಶೇಷಣ ತನ್ನ ಮುಂದಿನ ನಾಮಪದದ ಕ್ರಿಯೆಯನ್ನೇ ಹೇಳಬೇಕೆಂದಿಲ್ಲ. ‘ಓದುವ ಹುಡುಗ’ದಲ್ಲಿ ಓದುವವನು ಹುಡುಗ, ‘ಓದುವ ಕೋಣೆ’ಯಲ್ಲಿ ಓದುವುದು ಕೋಣೆಯಲ್ಲ. ಹಾಗೆಯೇ ‘ಹಗೆಗಳು ನಡುಗುವ ಪಡೆ’ ಎಂದ ಕೂಡಲೇ ನಡುಕ ಹಗೆಗಳ ಪಾಲಾಯಿತು. ಐದನೆಯ ಸಾಲಿನ ಕೊನೆಗೆ ಒಂದು ಕರ್ತೃಪದ ಇಟ್ಟದ್ದಷ್ಟೇ ಕೆಲಸ. ಅದನ್ನು ನಾಲ್ಕನೆಯ ಸಾಲಿನಲ್ಲಿಟ್ಟಿದ್ದರೆ ಅನ್ವಯ ಹರಿದುಹೋಗುತ್ತಿತ್ತು. ‘ಹಗೆಗಳ’ ಎಂದು ಷಷ್ಠಿ ಮಾಡಿದ್ದರಂತೂ ಹಗೆಗಳ ಪಡೆಯೇ ಗೆದ್ದಂತಾಗಿ ಅರ್ಥ ತಿರುಗಿಬೀಳುತ್ತಿತ್ತು.

ಇನ್ನೊಂದು ಪ್ರತಿಕ್ರಿಯೆ

‘ಹಿಡಿಯಷ್ಟೇ ಜನ’ ಎಂಬಲ್ಲಿ ವಾಹಿನಿ, ಚಮೂ ಎಂದು ಹಾಕದೆ ಇದ್ದದ್ದು ಒಳ್ಳೆಯದಾಯಿತು. ಸೇನೆಯ ಪರ್ಯಾಯಪದಗಳೆಲ್ಲ ಒಂದೇ ತೂಕದವಲ್ಲ. ಹಳೆಯ ಲೆಕ್ಕದಲ್ಲಿ 1 ರಥ, 1 ಆನೆ, 3 ಕುದುರೆ, 5 ಕಾಲಾಳು ಸೇರಿದರೆ ಒಂದು ಪತ್ತಿ. ಅಲ್ಲಿಂದ ಮೂರರಷ್ಟಾಗುತ್ತ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನೆ, ಚಮೂ, ಅನೀಕಿನಿ. ಹತ್ತು ಅನೀಕಿನಿಗೆ ಒಂದು ಅಕ್ಷೌಹಿಣಿ. ವಾಹಿನಿ ಎಂದರೆ 81 ಪತ್ತಿ, ಅದರಲ್ಲಿ ಕಾಲಾಳುಗಳೇ 405. ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ‘ಪುಟ್ಟ ಅಕ್ಷೌಹಿಣಿ’ ಎಂದು ಹಾಸ್ಯಕ್ಕೆ ಮಾತ್ರ ಬರೆಯಬಹುದು. ವಾಹಿನಿಗೆ ನದಿ ಎಂಬ ಅರ್ಥವೂ ಇರುವುದರಿಂದ ‘ಉಕ್ಕುವ’, ‘ಹರಿವ’, ‘ಕವಲೊಡೆದ’ ಎಂಬ ವಿಶೇಷಣಗಳು ಅಲ್ಲಿ ಎರಡು ಫಲ ಕೊಡುತ್ತವೆ. ‘ಪಡೆ’ಗೆ ಆ ಸವಲತ್ತಿಲ್ಲ.

ಪೂರಣ 1, ತಿದ್ದಿದ್ದು

ಮುಡಿ ನರೆತಾಳ್ಗಳು
ಅಡಿಯಿಡುವಾಗಲು
ಬೆಡಗಿನ ಹೊಸಬರು ನಗುತಿರಲು
ಮಡುವಿನ ನಡುವಿನ
ಕಡವನು ಬಲ್ಲೀ
ನಡುಗುವ ಪಡೆಯೇ ಗೆಲಿದುದಲಾ

ವೀರ, ಶೂರ, ಧೀರ ಮೂವರನ್ನೂ ಮನೆಗೆ ಕಳಿಸಿದೆ. ‘ನರೆತ’ ಬಂದದ್ದರಿಂದ ನಡುಕಕ್ಕೆ ಮುಪ್ಪಿನ ಕಾರಣ ಸಿಕ್ಕಿತು, ಕಡವನ್ನು (ಹೊಳೆ ದಾಟುವ ತಾವನ್ನು) ‘ಬಲ್ಲ’ ಎಂದು ಬಂದದ್ದರಿಂದ ಗೆಲುವಿಗೆ. ಬಲ್ಲ + ಈ = ಬಲ್ಲೀ, ಲೋಪಸಂಧಿ; ಬೆಣೆಯೆಂದು ಎಣಿಸಬೇಡಿ.

ಪ್ರತಿಕ್ರಿಯೆ

ಎಣಿಸುವುದಿಲ್ಲ. ಆದರೆ ‘ಅಡಿಯಿಡುವಾಗಲು’ ಎಂಬಲ್ಲಿನ ‘ಲು’ ಬೆಣೆಯೇ.

ಉತ್ತರ

ಹೌದು. ‘ಅಡಿಯಿಡೆ ಮೆಲ್ಲನೆ’ ಎಂದು ಓದಿಕೊಳ್ಳಿ.