ವಾರಕ್ಕೆ ಎರಡು ದಿನ, 35 ನಿಮಿಷ, ಸ್ಕ್ವಾಟ್ ಸ್ಟ್ಯಾಂಡ್ ಇಲ್ಲ: ಭಾರ ಎತ್ತುವುದನ್ನು ಮತ್ತೆ ಶುರು ಮಾಡುವುದು ಹೇಗೆ?

ಬದಿಯಡ್ಕ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಪೇಟೆಯ ಕನ್ನಡ ಶಾಲೆಯೊಂದರಲ್ಲಿ ಟೀಚರ್. ವಯಸ್ಸು 36. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಪವರ್‌ಲಿಫ್ಟಿಂಗ್ ಮಾಡುತ್ತಿದ್ದೆ. ಡೆಡ್‌ಲಿಫ್ಟ್ (ನೆಲದಲ್ಲಿರುವ ರಾಡನ್ನು ಹಿಡಿದು ನೆಟ್ಟಗೆ ನಿಲ್ಲುವುದು) 90 ಕಿಲೋ ಎತ್ತಿದ್ದೇನೆ. ಆಮೇಲೆ ಎರಡು ಹೆರಿಗೆ, ಅತ್ತೆಯವರ ಆರೈಕೆ. 9 ವರ್ಷ ರಾಡ್ ಮುಟ್ಟಲಿಲ್ಲ. ಈ ಜೂನ್‌ನಲ್ಲಿ ಚಿಕ್ಕವಳು ಒಂದನೇ ಕ್ಲಾಸಿಗೆ ಸೇರಿದಳು.

ಶಾಲೆಯ ಹತ್ತಿರದ ಜಿಮ್‌ನಲ್ಲಿ ಮಂಗಳವಾರ, ಶುಕ್ರವಾರ ನಾಲ್ಕೂವರೆಗೆ ಹೆಂಗಸರ ಸಮಯ. ಐದೂಕಾಲರ ಬಸ್ಸು ತಪ್ಪಿದರೆ ಮಕ್ಕಳು ಮನೆಯಲ್ಲಿ ಇಬ್ಬರೇ. ಬಟ್ಟೆ ಬದಲಿಸುವುದೆಲ್ಲ ಕಳೆದು ಸಿಗುವುದು 35 ನಿಮಿಷ. ಅಲ್ಲಿರುವುದು ಒಂದು ರಾಡ್, ಸಣ್ಣ ಸಣ್ಣ ಪ್ಲೇಟ್ ಸೇರಿ 60 ಕಿಲೋ, 12.5 ಕಿಲೋವರೆಗಿನ ಡಂಬೆಲ್, ಒಂದು ಬೆಂಚ್.

ಮೊದಲ ದಿನವೇ ರಾಡಿಗೆ 40 ಕಿಲೋ ಪ್ಲೇಟ್ ಹಾಕಿ ಐದು ಸೆಟ್ ಡೆಡ್‌ಲಿಫ್ಟ್ ಮಾಡಿದೆ. ನಾಲ್ಕು ದಿನ ಬಸ್ಸಿನ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಿದ್ದೇನೆ. ಬೋರ್ಡಿನ ಕೆಳಗಿನ ಸಾಲು ಬರೆಯಲು ಬಗ್ಗಲಾಗಲಿಲ್ಲ. ನೋವು ಹೇಗೋ ತಡೆದುಕೊಂಡೆ. ಆದರೆ ಆ ಹಳೆಯ ಬಲ ಇನ್ನು ಬರುತ್ತದಾ? ಒಂದು ದಿನ ಕೈ ಎದೆ, ಒಂದು ದಿನ ಕಾಲು ಅಂತ ಹಂಚಲಾ? ರಾಡನ್ನು ಹೆಗಲ ಎತ್ತರದಲ್ಲಿ ಇಡುವ ಸ್ಟ್ಯಾಂಡ್ ಇಲ್ಲದೆ ಸ್ಕ್ವಾಟ್ (ರಾಡ್ ಹೆಗಲ ಮೇಲೆ ಹೊತ್ತು ಕೂತು ಏಳುವುದು) ಹೇಗೆ?

ಉಪ್ಪಳದವ:
ಬರುತ್ತದೆ ಟೀಚರೇ. ಹಿಂದೆ ಎತ್ತಿದವರಿಗೆ ಹೊಸಬರಿಗಿಂತ ಬೇಗ ಬಲ ಮರಳುತ್ತದೆ. ಗಲ್ಫ್‌ನಿಂದ ಬಂದ ಮೇಲೆ ನಾನೂ 6 ವರ್ಷ ಬಿಟ್ಟು ಶುರು ಮಾಡಿದವ. ಅವಸರ ಮಾತ್ರ ಬೇಡ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಹಿಡಿದಿಡುವ ಸ್ನಾಯುರಜ್ಜುಗಳಿಗೆ ಜಾಸ್ತಿ ಸಮಯ ಬೇಕು.

ಹಂಚಬೇಡಿ. ಹಂಚಿದರೆ ಕಾಲಿಗೆ ವಾರಕ್ಕೆ ಒಂದೇ ಸಲ ಕೆಲಸ, ಪ್ರತಿ ಸಲವೂ ಹೊಸ ನೋವು. ಎರಡೂ ದಿನ ಇಡೀ ಮೈಗೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯೂ ಕಡಿಮೆ ಎಂದರೆ ವಾರಕ್ಕೆ 2 ದಿನ ಎಂದೇ ಹೇಳುತ್ತದೆ.

ಸ್ಕ್ವಾಟಿಗೆ ಬದಲು ಹಿಂದಿನ ಕಾಲನ್ನು ಬೆಂಚಿನ ಮೇಲಿಟ್ಟು ಮುಂದಿನ ಕಾಲಿನ ಬಲದಲ್ಲೇ ಕೂತು ಏಳಿ. ಮೊದಲು ಬರಿಗೈ, ಆಮೇಲೆ ಡಂಬೆಲ್. ಇಳಿಯಲು ಮೂರು ಸೆಕೆಂಡು. 12.5 ಕಿಲೋ ಸಣ್ಣದಲ್ಲ ಅಂತ ಆಗ ಗೊತ್ತಾಗುತ್ತದೆ.

ಡೆಡ್‌ಲಿಫ್ಟಿಗೆ ಒಂದು ಮಾತು. ಪ್ಲೇಟ್ ಸಣ್ಣದಾದರೆ ರಾಡ್ ನೆಲಕ್ಕೆ ತುಂಬಾ ಹತ್ತಿರ ಇರುತ್ತದೆ, ಬೆನ್ನು ಬಾಗುತ್ತದೆ. ಎರಡೂ ಕಡೆ ಅಡಿಗೆ ಪ್ಲೇಟ್ ಅಡ್ಡ ಇಟ್ಟು ಎತ್ತರ ಮಾಡಿ. ಸದ್ಯಕ್ಕೆ ರಾಡ್ ಸೇರಿ 30 ಕಿಲೋ ಸಾಕು, ಎರಡೇ ಸೆಟ್. ಇನ್ನೂ ಎರಡು ಮೂರು ಸಲ ಆಗುತ್ತದೆ ಅನ್ನುವಾಗಲೇ ಇಳಿಸಿ.

ಪುಷ್‌ಅಪ್ ಮುಗಿದ ಕೂಡಲೇ ಡಂಬೆಲ್ ರೋ, ಅಂದರೆ ಬಗ್ಗಿ ನಿಂತು ಡಂಬೆಲನ್ನು ಸೊಂಟದತ್ತ ಎಳೆಯುವುದು. ಎದೆ ಸುಧಾರಿಸುವಾಗ ಬೆನ್ನಿಗೆ ಕೆಲಸ, ಸಮಯ ಉಳಿಯುತ್ತದೆ.

ಪೆರ್ಲದ ತೋಟ:
ಬಿಡುವಾದ ದಿನ ಎರಡು ಕೈಯಲ್ಲಿ 10 ಲೀಟರಿನ ನೀರಿನ ಕ್ಯಾನ್ ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ ಅಕ್ಕ. 20 ಕಿಲೋ ಆಯಿತಲ್ವಾ. ಮತ್ತೆ, ಗಂಜಿಗೆ ಬರೀ ಉಪ್ಪಿನಕಾಯಿ ಸಾಲದು. ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ.

ಮಂಜೇಶ್ವರ ಫಿಸಿಯೋ:
ಹೆರಿಗೆ ಆದವರು ಹೇಳಲು ನಾಚುವ ವಿಷಯ: ಭಾರ ಎತ್ತುವಾಗ ಮೂತ್ರ ಸೋರಿದರೆ ಸುಮ್ನೆ ಸಹಿಸಬೇಡಿ, ವ್ಯಾಯಾಮದಿಂದ ಸರಿಪಡಿಸಬಹುದು. ಇನ್ನೊಂದು, ವಿಪರೀತ ಮೈನೋವಿನ ಜೊತೆ ಮೂತ್ರ ಹಾಲು ಹಾಕದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬದಿಯಡ್ಕ ಟೀಚರ್:
ಐದು ವಾರ ಆಯಿತು. ಮೊನ್ನೆ ಮಂಗಳವಾರ 45 ಕಿಲೋ, ಎಂಟೆಂಟರ ಎರಡು ಸೆಟ್. ಬೆನ್ನು ನೆಟ್ಟಗಿತ್ತು. ಖುಷಿಗೆ ಬಸ್ಸಿನಲ್ಲಿ ಕಣ್ಣು ತುಂಬಿತು. ಫಿಸಿಯೋ ಅವರೇ, ನೀವು ಬರೆದದ್ದು ನನಗೂ ಬೇಕಿತ್ತು, ತೋರಿಸಿಕೊಂಡೆ. ಈ ಮಳೆಗಾಲಕ್ಕೆ ಕೈ ಬೆವರಿ ರಾಡ್ ಜಾರುತ್ತದೆ. ಶಾಲೆಯ ಚಾಕ್ ಪುಡಿ ಮಾಡಿ ಹಚ್ಚಬಹುದಾ?

ಉಪ್ಪಳದವ:
ಅದಲ್ಲ ಟೀಚರೇ. ಲಿಫ್ಟಿಂಗ್‌ಗೆ ಬೇಕಾದದ್ದು ಮೆಗ್ನೀಷಿಯಂ ಕಾರ್ಬೊನೇಟ್, ಅದು ಬೇರೆಯೇ ಪುಡಿ. ಸಿಗುವವರೆಗೆ ಒಣ ತೋರ್ತಿನಲ್ಲಿ ಸೆಟ್ಟಿಗೊಮ್ಮೆ ಕೈಯನ್ನೂ ರಾಡನ್ನೂ ಒರೆಸಿಕೊಳ್ಳಿ.