ಕಣ್ಣು ಸರಿ ಇದ್ದೂ ಬಿಳಿ ಕಲ್ಲು ಕಾಣದಿರುವುದೇಕೆ?

ಪ್ರಶ್ನೆ: ಕೊಂಡಜ್ಜಿ (ದಾವಣಗೆರೆ)

ನಮ್ಮ ತಂದೆಯವರಿಗೆ 74 ವರ್ಷ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಂಥದೊಂದು ಗಿರಣಿಯ ಬಟ್ಟೆ ತಪಾಸಣೆಯ ಮೇಜಿನ ಮುಂದೆ ನಿಂತು ದುಡಿದವರು. ಸರಿಯುತ್ತಿರುವ ಬಟ್ಟೆಯಲ್ಲಿ ಹಾಸಿನ ಒಂದೇ ಎಳೆ ಕಡಿದಿದ್ದರೂ, ಹೊಕ್ಕು ತುಸು ವಾಲಿದ್ದರೂ ಬೆರಳಿಟ್ಟು ತೋರಿಸುತ್ತಿದ್ದರಂತೆ. ಕಳೆದ ವರ್ಷ ಎರಡೂ ಕಣ್ಣುಗಳ ಪೊರೆ ತೆಗೆಸಿ ಮಸೂರ ಹಾಕಿಸಿದೆವು. ಈಗ ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೆ ತಡವರಿಸದೆ ಓದುತ್ತಾರೆ. ಕಣ್ಣಿನ ಒತ್ತಡ, ಅಕ್ಷಿಪಟಲ ಎಲ್ಲವೂ ಸರಿಯಾಗಿವೆ, ಇನ್ನೇನಿದ್ದರೂ ವಯಸ್ಸು ಎಂದು ವೈದ್ಯರು ಹೇಳಿ ಕಳುಹಿಸಿದರು.

ಆದರೆ ಮನೆಯಲ್ಲಿ ಕಾಣುವುದೇ ಬೇರೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತರೆ ನೆಲ್ಲು, ಕರಿ ಕಲ್ಲು ಅವರಿಗೆ ಥಟ್ಟನೆ ಸಿಗುತ್ತವೆ. ಬಿಳಿ ಕಲ್ಲು ಮಾತ್ರ ಮೂಗಿನ ಕೆಳಗೇ ಇದ್ದರೂ ತಪ್ಪಿಸಿಕೊಳ್ಳುತ್ತದೆ, ಊಟಕ್ಕೆ ಕೂತಾಗ ಹಲ್ಲಿಗೆ ಸಿಗುತ್ತದೆ. ಮುಸ್ಸಂಜೆಯಲ್ಲಿ ಬಸ್ ನಿಲ್ದಾಣದ ಗದ್ದಲದ ನಡುವೆ ಎದುರಿಗೆ ಬರುತ್ತಿರುವ ಬಸ್ಸಿನ ಫಲಕದಲ್ಲಿರುವುದು ಹರಿಹರವೋ ಹರಪನಹಳ್ಳಿಯೋ ಎಂದು ತಿಳಿಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಕಣ್ಣು ಸರಿಯಿದ್ದರೆ ಕೊರತೆ ಇರುವುದೆಲ್ಲಿ? ವಯಸ್ಸಾದಂತೆ ಮಿದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ನರಕೋಶಗಳು ಸಾಯುತ್ತವೆಯೇ?

ಉತ್ತರ 1: ಭರಮಸಾಗರ

ಹೌದು, ಮೂವತ್ತು ದಾಟಿದ ಮೇಲೆ ಮಿದುಳಿನ ಕೋಶಗಳು ದಿನಕ್ಕೆ ಸಾವಿರಗಟ್ಟಲೆ ಸಾಯುತ್ತವೆ ಎಂದು ಕೇಳಿದ್ದೇನೆ. ಹೋದ ಕೋಶ ಮರಳಿ ಬರುವುದಿಲ್ಲವಾದ್ದರಿಂದ ಇದಕ್ಕೆ ಮಾಡುವಂಥದ್ದೇನೂ ಇಲ್ಲ.

ಉತ್ತರ 2: ಹಳೇ ಮೇಷ್ಟ್ರು

ಶರೀರಕ್ರಿಯಾ ವಿಜ್ಞಾನವನ್ನು ಬಹಳ ವರ್ಷ ಪಾಠ ಮಾಡಿದವನಾದ್ದರಿಂದ ಮೇಲಿನ ಮಾತನ್ನು ಹಾಗೇ ಬಿಟ್ಟುಬಿಡಲಾರೆ. ಒಂದು ಕಾಲಕ್ಕೆ ನಾನೂ ಅದನ್ನೇ ಕಲಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. 1955ರಲ್ಲಿ ಹೆರಾಲ್ಡ್ ಬ್ರೋಡಿ ಮಿದುಳಿನ ಹೊರಪದರದ ಕೋಶಗಳನ್ನು ಎಣಿಸಿ, ವಯಸ್ಸಾದಂತೆ ಅವುಗಳ ಸಂಖ್ಯೆ ಬಹಳವಾಗಿ ಇಳಿಯುತ್ತದೆ ಎಂದು ಬರೆದದ್ದು ಪಠ್ಯಪುಸ್ತಕಗಳಿಗೆ ಸೇರಿಕೊಂಡಿತು. ದೋಷವಿದ್ದದ್ದು ಎಣಿಕೆಯ ವಿಧಾನದಲ್ಲಿ. ರಾಸಾಯನಿಕದಲ್ಲಿಟ್ಟು ಸಂಸ್ಕರಿಸುವಾಗ ಎಳೆಯರ ಮಿದುಳು ವೃದ್ಧರ ಮಿದುಳಿಗಿಂತ ಹೆಚ್ಚು ಕುಗ್ಗುತ್ತದೆ; ಕುಗ್ಗಿದ ತುಣುಕಿನಲ್ಲಿ ಕೋಶಗಳು ಒತ್ತೊತ್ತಾಗಿ ನಿಂತು ಲೆಕ್ಕಕ್ಕೆ ಹೆಚ್ಚು ಸಿಗುತ್ತವೆ. ಈ ತಪ್ಪಿಗೆ ಎಡೆಯಿಲ್ಲದ ವಿಧಾನದಿಂದ ಡೆನ್ಮಾರ್ಕಿನ ಪಾಕೆನ್‌ಬೆರ್ಗ್ ಮತ್ತು ಗುಂಡರ್ಸನ್ 1997ರಲ್ಲಿ ಪ್ರಕಟಿಸಿದ ಎಣಿಕೆಯಂತೆ, 20ರಿಂದ 90ರ ವಯಸ್ಸಿನ ನಡುವೆ ಇಡೀ ಹೊರಪದರದಲ್ಲಿ ಕಡಿಮೆಯಾಗುವುದು ಶೇಕಡಾ 10ರಷ್ಟು ಕೋಶಗಳು ಮಾತ್ರ. ತಲೆಯ ಹಿಂಬದಿಯಲ್ಲಿರುವ ಪ್ರಾಥಮಿಕ ದೃಷ್ಟಿ ಕ್ಷೇತ್ರದಲ್ಲಂತೂ ಕೋಶಗಳ ಸಂಖ್ಯೆ ಮುಪ್ಪಿನಲ್ಲೂ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ.

ಹಾಗಾದರೆ ಬದಲಾಗುವುದು ಅವುಗಳ ನಡವಳಿಕೆ. ಬೆಕ್ಕಿನ ಮಿದುಳಿನ ಈ ಭಾಗದ ಒಂದೊಂದು ಕೋಶವೂ ಒಂದೊಂದು ಓರೆಯ ಗೆರೆಗೆ ಮಾತ್ರ ಜೋರಾಗಿ ಸ್ಪಂದಿಸುತ್ತದೆ ಎಂಬುದನ್ನು ಹ್ಯೂಬೆಲ್ ಮತ್ತು ವೀಸೆಲ್ 1959ರಲ್ಲಿ ತೋರಿಸಿದರು. ಈ ಸರಣಿಯ ಸಂಶೋಧನೆಗಳಿಗಾಗಿಯೇ 1981ರ ನೊಬೆಲ್‌ನಲ್ಲಿ ಪಾಲು ಪಡೆದರು. ನಿಮ್ಮ ತಂದೆಯವರ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಹಾಸಿನ ಎಳೆಗೆ ಎಚ್ಚೆತ್ತುಕೊಳ್ಳುವ ಕೋಶ ಬೇರೆ, ಹೊಕ್ಕಿನ ಎಳೆಗೆ ಎಚ್ಚೆತ್ತುಕೊಳ್ಳುವ ಕೋಶ ಬೇರೆ, ತುಸು ವಾಲಿದ ಎಳೆಗೆ ಮತ್ತೊಂದೇ ಕೋಶ. ಒಂದು ಕೋಶ ತನ್ನದಲ್ಲದ ಗೆರೆ ಬಂದಾಗ ಸುಮ್ಮನಿರುವುದು ತಾನಾಗಿ ಅಲ್ಲ. ನೆರೆಯ ಪ್ರತಿಬಂಧಕ ಕೋಶಗಳು ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ಅದನ್ನು ಸುಮ್ಮನಿರಿಸುವುದೂ ಇದಕ್ಕೆ ಒಂದು ಮುಖ್ಯ ಕಾರಣ.

ಲೆವೆಂಥಾಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 25 ವರ್ಷ ದಾಟಿದ ರೀಸಸ್ ಕೋತಿಗಳ, ಅಂದರೆ ಕೋತಿಗಳ ಲೆಕ್ಕದಲ್ಲಿ ಹಣ್ಣು ಮುದುಕರ, ಮಿದುಳಿನಲ್ಲಿ ಸೂಕ್ಷ್ಮ ತಂತಿಯಿಟ್ಟು ಕೇಳಿದಾಗ ಈ ಶಿಸ್ತು ಸಡಿಲಗೊಂಡಿತ್ತು. ಬಹಳಷ್ಟು ಕೋಶಗಳು ಯಾವ ಓರೆಯ ಗೆರೆಗೂ, ಯಾವ ದಿಕ್ಕಿನ ಚಲನೆಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸ್ಪಂದಿಸುತ್ತಿದ್ದವು. ಎದುರಿಗೆ ಏನೂ ಇಲ್ಲದಾಗಲೂ ಎಳೆಯ ಕೋತಿಗಳ ಕೋಶಗಳಿಗಿಂತ ಹೆಚ್ಚು ಮಿಡಿಯುತ್ತಿದ್ದವು. ಮುಪ್ಪಿನ ಕೋಶ ಮೂಕವಾಗುವುದಿಲ್ಲ, ವಾಚಾಳಿಯಾಗುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಸುಡು ಮರಳಿನಿಂದ ಮಂಡಕ್ಕಿಯನ್ನು ಜರಡಿ ಹಿಡಿದು ಬೇರ್ಪಡಿಸುವುದನ್ನು ನೀವು ನೋಡಿರುತ್ತೀರಿ; ಆ ಜರಡಿಯ ಕಣ್ಣುಗಳು ಹರಿದು ದೊಡ್ಡದಾದರೆ ಏನಾಗುತ್ತದೆಯೋ ಇಲ್ಲೂ ಅದೇ ಆಗುತ್ತದೆ. ಕರಿ ಕಲ್ಲಿನ ಸಂಕೇತ ಈ ಗದ್ದಲವನ್ನು ಮೀರುವಷ್ಟು ಜೋರಾಗಿರುತ್ತದೆ. ಅಕ್ಕಿಗೂ ಬಿಳಿ ಕಲ್ಲಿಗೂ ಇರುವ ವ್ಯತ್ಯಾಸ ಮೊದಲೇ ಕ್ಷೀಣವಾದ್ದರಿಂದ ಅದರಲ್ಲಿ ಮುಳುಗಿಹೋಗುತ್ತದೆ ಎಂಬುದು ನನ್ನ ಊಹೆ. ಅಕ್ಷರಫಲಕದಲ್ಲಿ ಇರುವುದೆಲ್ಲ ಅಚ್ಚ ಬಿಳುಪಿನ ಮೇಲೆ ಅಚ್ಚ ಕಪ್ಪು, ಅದೂ ನಿಂತಲ್ಲೇ ನಿಂತ ಅಕ್ಷರ. ಅಲ್ಲಿ ಈ ಕೊರತೆ ಸಿಕ್ಕಿಬೀಳುವುದಿಲ್ಲ.

2003ರಲ್ಲಿ ಅದೇ ತಂಡ ಮುದಿ ಕೋತಿಗಳ ಒಂದೊಂದೇ ಕೋಶದ ಬಳಿ ಅತ್ಯಲ್ಪ ಪ್ರಮಾಣದ ಗಾಬಾವನ್ನು ಬಿಟ್ಟು ನೋಡಿತು. ಆಗ ಹಲವು ಕೋಶಗಳು ಎಳೆಯ ಕೋತಿಯ ಕೋಶಗಳಂತೆಯೇ ತಮ್ಮ ಗೆರೆಗೆ ಮಾತ್ರ ಸ್ಪಂದಿಸತೊಡಗಿದವು. ಕೋಶ ಸತ್ತಿರಲಿಲ್ಲ, ಅದರ ಜೋಡಣೆಯೂ ಪೂರ್ತಿ ಕೆಟ್ಟಿರಲಿಲ್ಲ. ಅದನ್ನು ಹತೋಟಿಯಲ್ಲಿಡುವ ಕೈ ಸೋತಿತ್ತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಡೆದ ಅತ್ಯಂತ ಚೊಕ್ಕ ಪ್ರಯೋಗ ಇದು.

ಇನ್ನೊಂದನ್ನು ಹೇಳದಿರಲಾರೆ. ಗಾಢ ಪಟ್ಟೆಗಳ ದೊಡ್ಡ ಚಿತ್ರವೊಂದು ಕ್ಷಣಮಾತ್ರ ಸರಿದಾಗ ಅದು ಎಡಕ್ಕೆ ಹೋಯಿತೋ ಬಲಕ್ಕೋ ಎಂದು ಹೇಳುವುದರಲ್ಲಿ ವಯಸ್ಸಾದವರು ಯುವಕರಿಗಿಂತ ಚುರುಕು ಎಂದು ಕೆನಡಾದ ಬೆಟ್ಸ್ ಮತ್ತು ಸಂಗಡಿಗರು 2005ರಲ್ಲಿ ಕಂಡುಕೊಂಡರು. ಯುವಕರ ಮಿದುಳು ಹರಡಿಕೊಂಡ ದೊಡ್ಡ ಚಲನೆಯನ್ನು ಹಿನ್ನೆಲೆಯೆಂದು ಅದುಮಿಬಿಡುತ್ತದೆ. ಆ ಅದುಮುವ ಶಕ್ತಿ ಕುಂದಿದ್ದರಿಂದಲೇ ಹಿರಿಯರಿಗೆ ಇಲ್ಲಿ ಮೇಲುಗೈ. ಅವರು ಗೆಲ್ಲುವುದೂ ಕೊರತೆಯಿಂದಲೇ!

ಉತ್ತರ 3: ಜೋಗಿಮಟ್ಟಿ (ಚಿತ್ರದುರ್ಗ)

ನಾನು ಕಣ್ಣಿನ ತಪಾಸಣೆಯ ಕೆಲಸ ಮಾಡುವವಳು. ಮೇಷ್ಟ್ರ ವಿವರಣೆಗೆ ನನ್ನ ತಕರಾರಿಲ್ಲ, ಆದರೆ ಎಲ್ಲವನ್ನೂ ಮಿದುಳಿನ ಮೇಲೆ ಹಾಕುವ ಮೊದಲು ಕಣ್ಣಿನ ಪಾಲನ್ನೂ ಲೆಕ್ಕ ಹಿಡಿಯಬೇಕು. ಪೊರೆ ತೆಗೆದರೂ ಪಾಪೆ ವಯಸ್ಸಿನೊಂದಿಗೆ ಕಿರಿದಾಗಿರುತ್ತದೆ, ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಅಕ್ಷಿಪಟಲದಲ್ಲಿ ನಿಜವಾಗಿಯೂ ಕಡಿಮೆಯಾಗಿರುತ್ತವೆ. ಮುಸ್ಸಂಜೆಯ ಬಸ್ಸಿನ ವಿಷಯದಲ್ಲಿ ಇದರ ಪಾಲು ದೊಡ್ಡದಿರಬಹುದು. ಅಕ್ಷರಗಳು ಒಂದೇ ಗಾತ್ರದಲ್ಲಿದ್ದು ಮೂರು ಮೂರಾಗಿ ಮಸುಕಾಗುತ್ತ ಹೋಗುವ ಪೆಲ್ಲಿ-ರಾಬ್ಸನ್ ಫಲಕವೊಂದಿದೆ. ಕಾಂಟ್ರಾಸ್ಟ್ ಪರೀಕ್ಷೆ ಮಾಡಿ ಎಂದು ಕೇಳಿ ಮಾಡಿಸಿಕೊಳ್ಳಿ. ತಾನಾಗಿ ಯಾರೂ ಮಾಡುವುದಿಲ್ಲ.

ತೊಂದರೆ ವರ್ಷಗಳಿಂದ ನಿಧಾನವಾಗಿ ಬಂದಿದ್ದರೆ ಮೇಲಿನ ಮಾತು ಅನ್ವಯಿಸುತ್ತದೆ. ಒಂದು ಬದಿಯ ನೋಟ ಇದ್ದಕ್ಕಿದ್ದಂತೆ ಹೋದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಡಿಬಿಡಿಯಾಗಿ ಎಲ್ಲ ಕಂಡರೂ ಒಟ್ಟಾಗಿ ಏನೆಂದು ತಿಳಿಯದಿರುವುದು, ಎದುರಿಗಿದ್ದ ಲೋಟಕ್ಕೆ ಕೈ ಹಾಕಿದರೆ ಗುರಿ ತಪ್ಪುವುದು ತಿಂಗಳುಗಳಲ್ಲಿ ಹೆಚ್ಚುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಬೇಕು. ಅಲ್ಝೈಮರ್‌ನ ಅಪರೂಪದ ಒಂದು ಬಗೆ ಮರೆವಿನಿಂದಲ್ಲ, ನೋಟದಿಂದಲೇ ಶುರುವಾಗುತ್ತದೆ.

ಮನೆಯ ಮೆಟ್ಟಿಲ ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ನಮ್ಮ ಏಳುಸುತ್ತಿನ ಕೋಟೆಯ ಮೆಟ್ಟಿಲುಗಳನ್ನು ಸಂಜೆ ಇಳಿಯುವ ಹಿರಿಯರನ್ನು ಗಮನಿಸಿದ್ದೇನೆ: ಬೂದು ಕಲ್ಲಿನ ಮೇಲೆ ಬೂದು ಕಲ್ಲು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಕಾಲಿನಿಂದ ತಡಕುತ್ತಾರೆ.

ಪ್ರತಿಕ್ರಿಯೆ: ಕೊಂಡಜ್ಜಿ (ದಾವಣಗೆರೆ)

ಇಬ್ಬರಿಗೂ ಧನ್ಯವಾದಗಳು. ಗಾಬಾ ಮಾತ್ರೆಗಳು ಆನ್‌ಲೈನಿನಲ್ಲಿ ಸಿಗುತ್ತವೆಯಂತೆ, ತರಿಸಬಹುದೇ?

ಅಂದ ಹಾಗೆ, ನಿನ್ನೆ ಮೊರದ ಬದಲು ಕಡುನೀಲಿ ಬಟ್ಟೆಯ ಮೇಲೆ ಅಕ್ಕಿಯನ್ನು ಹಿಡಿಹಿಡಿಯಾಗಿ, ಕಾಳಿಗೆ ಕಾಳು ತಾಗದಂತೆ ತೆಳ್ಳಗೆ ಹರಡಿಕೊಟ್ಟೆ. ಒಂದು ಸೇರಿನಲ್ಲಿ ಏಳು ಬಿಳಿ ಕಲ್ಲು ಹೆಕ್ಕಿದರು. ಆದರೆ ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಈ ನಿಧಾನಕ್ಕೂ ಕೋಶಗಳೇ ಕಾರಣವೇ?

ಉತ್ತರ: ಹಳೇ ಮೇಷ್ಟ್ರು

ಮಾತ್ರೆ ಬೇಡ. ನುಂಗಿದ ಗಾಬಾ ರಕ್ತದಿಂದ ಮಿದುಳಿಗೆ ದಾಟುವುದು ಬಹಳ ಕಷ್ಟ, ಕೋತಿಗಳಲ್ಲಿ ಅದನ್ನು ನೇರವಾಗಿ ಕೋಶದ ಬುಡಕ್ಕೇ ಬಿಟ್ಟಿದ್ದರು. ಗಾಬಾದ ಪರಿಣಾಮವನ್ನು ಹೆಚ್ಚಿಸುವ ನಿದ್ರೆ ಮಾತ್ರೆಗಳು ಇಡೀ ಮಿದುಳನ್ನೇ ಮಂಕಾಗಿಸಿ ವಯಸ್ಸಾದವರನ್ನು ಬೀಳಿಸುತ್ತವೆ. ಅಲ್ಲದೆ ಮನುಷ್ಯರ ದೃಷ್ಟಿ ಕ್ಷೇತ್ರದ ಗಾಬಾ ಪ್ರಮಾಣವನ್ನು ಸ್ಕ್ಯಾನಿನಿಂದ ಅಳೆದವರ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಿಲ್ಲ.

ನಿಧಾನದ ವಿಷಯ ಬೇರೆ. ಮುದಿ ಕೋತಿಗಳಲ್ಲಿ ಸಂಕೇತ ಪ್ರಾಥಮಿಕ ಕ್ಷೇತ್ರದಿಂದ ಮುಂದಿನ ಹಂತಕ್ಕೆ ತಲುಪುವಾಗ ತಡವಾಗುವುದನ್ನು ಅಳೆದಿದ್ದಾರೆ. ನರತಂತುಗಳ ಸುತ್ತಲಿನ ಮಯಲಿನ್ ಹೊದಿಕೆ ಅಲ್ಲಲ್ಲಿ ಸಡಿಲುವುದೂ ವಯಸ್ಸಿನೊಂದಿಗೆ ಕಾಣುತ್ತದೆ. ಆದರೆ ಆ ತಡವೆಲ್ಲ ಸೆಕೆಂಡಿನ ಸಾವಿರದ ಭಾಗಗಳ ಲೆಕ್ಕದ್ದು, ಅರ್ಧ ಗಂಟೆಯದಲ್ಲ. ಉಳಿದದ್ದು ಹಳೆಯ ತಪಾಸಣೆಗಾರರು ಒಂದೊಂದು ಕಾಳನ್ನೂ ಎರಡೆರಡು ಸಲ ನೋಡಿದ್ದರಿಂದ ಆಗಿರಬೇಕು.