ಜಾಣ ಮಕ್ಕಳೇ ತಪ್ಪು ಮಾಡಿದ ಪ್ರಶ್ನೆಯನ್ನು ಕಿತ್ತು ಹಾಕಬಹುದಾ?

ಸೀಮೆಸುಣ್ಣ
ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಜೊತೆಗೆ ಎಂ.ಎಡ್. ಓದುತ್ತಿದ್ದೇನೆ. ಪ್ರಬಂಧಕ್ಕೆಂದು ಹತ್ತನೇ ತರಗತಿಯ 62 ಮಕ್ಕಳಿಗೆ ವಿದ್ಯುಚ್ಛಕ್ತಿ ಪಾಠದ ಮೇಲೆ 30 ಬಹು ಆಯ್ಕೆ ಪ್ರಶ್ನೆ ಕೊಟ್ಟೆ. ಸರಿಗೆ 1, ತಪ್ಪಿಗೆ 0. ಪರೀಕ್ಷೆಯ ಅಂಕವನ್ನು ಎಷ್ಟು ನಂಬಬಹುದು ಅಂತ ಹೇಳುವ ಕೆಆರ್-20 (1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದರೆ 0.62. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಅದೇ ಥರದ ಅಳತೆ, ಕ್ರಾನ್‌ಬಾಕ್ ಆಲ್ಫಾ, 0.61. "ಆಲ್ಫಾ ಯಾರು ಕೇಳಿದ್ದು? 0.70 ಆಗದೆ ತರಬೇಡಿ" ಅಂತ ಗೈಡ್ ಸರ್ ಫೈಲು ವಾಪಸ್ ಕೊಟ್ಟರು.

ನನ್ನ ಅನುಮಾನ 14ನೇ ಪ್ರಶ್ನೆ ಮೇಲೆ. ಉತ್ತರ ಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಿ, ಮೇಲಿನ 27% ಮತ್ತು ಕೆಳಗಿನ 27% ತೆಗೆದೆ. ಎರಡೂ ಕಡೆ 17 ಮಕ್ಕಳು. ಮೇಲಿನ ಗುಂಪಿನಲ್ಲಿ 5 ಜನ ಸರಿ, ಕೆಳಗಿನದರಲ್ಲಿ 9 ಜನ! ವ್ಯತ್ಯಾಸವನ್ನು 17ರಿಂದ ಭಾಗಿಸಿದರೆ ಡಿಸ್ಕ್ರಿಮಿನೇಷನ್ ಇಂಡೆಕ್ಸ್ (ಪ್ರಶ್ನೆ ಜಾಣರನ್ನು ಎಷ್ಟು ಬೇರ್ಪಡಿಸುತ್ತೆ ಅನ್ನುವ ಅಳತೆ) −0.24. ಸುಮ್ನೆ ಕಿತ್ತು ಹಾಕಿಬಿಡಲಾ?

ಎಣಿಕೆಮನೆ
ಮೊದಲು ನಿಮ್ಮ ಸರ್‌ಗೆ ಒಂದು ಮಾತು ಹೇಳಿ. 0-1 ಅಂಕವಿದ್ದಾಗ ಆಲ್ಫಾ, ಕೆಆರ್-20 ಎರಡೂ ಒಂದೇ. ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ ಬರೆದ ಲೇಖನದ 20ನೇ ಸೂತ್ರ ಅದು, ಹೆಸರು ಬಂದಿದ್ದೇ ಹಾಗೆ. 1951ರಲ್ಲಿ ಕ್ರಾನ್‌ಬಾಕ್ ಆಲ್ಫಾ ಅಂತ ಹೆಸರಿಟ್ಟಿದ್ದು 1, 2, 3, 4 ಅಂತ ಅಂಕ ಬೀಳುವ ಪ್ರಶ್ನೆಗೂ ಹೊಂದುತ್ತದೆ. ಎಸ್‌ಪಿಎಸ್‌ಎಸ್ ಮೆನುವಿನಲ್ಲಿ ಕೆಆರ್-20 ಹುಡುಕಿದರೆ ಸಿಗುವುದಿಲ್ಲ, ಆಲ್ಫಾನೇ ಒತ್ತಬೇಕು.

0.62 ಬಂದಿದ್ದು ಎಕ್ಸೆಲ್‌ನಲ್ಲಿ ಅಂಕಗಳ ಚದುರುವಿಕೆಗೆ ವಾರ್.ಎಸ್ (62ರ ಬದಲು 61ರಿಂದ ಭಾಗಿಸುವ ಸೂತ್ರ) ಹಾಕಿದ್ದಕ್ಕೆ ಅನಿಸುತ್ತೆ. 62ರಿಂದಲೇ ಭಾಗಿಸುವ ವಾರ್.ಪಿ ಹಾಕಿ ನೋಡಿ, 0.61 ಬರುತ್ತೆ.

ಇನ್ನು ಆ ಪ್ರಶ್ನೆ. ಕೀಳುವ ಮೊದಲು ಅದನ್ನು ಇಲ್ಲಿ ಹಾಕಿ ಮೇಡಂ.

ಸೀಮೆಸುಣ್ಣ
ವಾರ್.ಪಿ ಹಾಕಿದೆ, 0.61 ಬಂತು. ಪ್ರಶ್ನೆ ಇದು: ಕೆಳಗಿನವುಗಳಲ್ಲಿ ಅತ್ಯುತ್ತಮ ವಿದ್ಯುತ್ ವಾಹಕ ಯಾವುದು? ಕಬ್ಬಿಣ, ತಾಮ್ರ, ಬೆಳ್ಳಿ, ಗ್ರಾಫೈಟ್. ಕೀ ಉತ್ತರ ತಾಮ್ರ.

ಹಳೇ ಮೇಷ್ಟ್ರು
ಮೇಡಂ, ತಪ್ಪಿರುವುದು ನಿಮ್ಮ ಕೀ! ಪುಸ್ತಕದ ರೋಧಶೀಲತೆ (ವಿದ್ಯುತ್ತನ್ನು ತಡೆಯುವ ಗುಣ) ಕೋಷ್ಟಕ ನೋಡಿ. ಬೆಳ್ಳಿ 1.60, ತಾಮ್ರ 1.62 (ಎರಡಕ್ಕೂ 10⁻⁸ ಓಂ ಮೀಟರ್). ಕಡಿಮೆ ರೋಧಶೀಲತೆ ಬೆಳ್ಳಿಯದ್ದು. ಮನೆ ವೈರಿಂಗ್ ನೋಡಿದ ಮಗು ತಾಮ್ರ ಅನ್ನುತ್ತೆ, ಕೋಷ್ಟಕ ಓದಿದ ಮಗು ಬೆಳ್ಳಿ ಅನ್ನುತ್ತೆ. ಮೈನಸ್ ಬಂದರೆ ನಾನು ಮೊದಲು ನೋಡುವುದೇ ಕೀ. ಮೂವತ್ತು ವರ್ಷದಲ್ಲಿ ಎಷ್ಟು ಸಲ ನನ್ನದೇ ತಪ್ಪು ಸಿಕ್ಕಿದೆ ಅಂತ ಕೇಳಬೇಡಿ.

ಸೀಮೆಸುಣ್ಣ
ಅಯ್ಯೋ ದೇವರೇ. ಈಗ ಎಣಿಸಿದೆ. ಮೇಲಿನ ಗುಂಪಿನಲ್ಲಿ ಬೆಳ್ಳಿ ಅಂದವರು 11, ಕೆಳಗಿನದರಲ್ಲಿ 3. ಕೀ ತಿದ್ದಿದರೆ ಇಂಡೆಕ್ಸ್ 0.47! ಕೆಆರ್-20 ಕೂಡ 0.64ಕ್ಕೆ ಏರಿತು. ಪರೀಕ್ಷೆ ದಿನವೇ ಒಬ್ಬ ಹುಡುಗಿ ಎದ್ದು "ಮಿಸ್, ಎರಡು ಉತ್ತರ ಸರಿ ಇದ್ದ ಹಾಗಿದೆ" ಅಂದಿದ್ದಳು. ಮಾತಾಡದೆ ಬರಿ ಅಂದಿದ್ದೆ.

ಆದರೂ 0.70 ಆಗಲಿಲ್ಲ. 22ನೇ ಪ್ರಶ್ನೆಗೆ 62ರಲ್ಲಿ 61 ಜನ ಸರಿ ಬರೆದಿದ್ದಾರೆ. ಅದನ್ನಾದರೂ ತೆಗೆಯಲಾ?

ಎಣಿಕೆಮನೆ
ತೆಗೆದರೂ ಇಟ್ಟರೂ ಅಂಕಿ ಹೆಚ್ಚೇನೂ ಕದಲಲ್ಲ. ಎಲ್ಲರೂ ಸರಿ ಬರೆದ ಪ್ರಶ್ನೆ ಯಾರನ್ನೂ ಬೇರೆ ಮಾಡಿ ತೋರಿಸಲ್ಲ, ಅಲ್ವಾ? ಫ್ಯೂಸಿನಂಥ ಎಲ್ಲರಿಗೂ ಗೊತ್ತಿರಲೇಬೇಕಾದ ವಿಷಯವಾದರೆ ಬಿಟ್ಟುಬಿಡಿ. ಇದೇ 62 ಮಕ್ಕಳ ಅಂಕ ನೋಡಿ ಒಂದೊಂದೇ ಪ್ರಶ್ನೆ ಕೀಳುತ್ತಾ ಹೋದರೆ 0.70 ಸಿಗಬಹುದು, ಬೇರೆ ಶಾಲೆಯಲ್ಲಿ ಅದು ಉಳಿಯಲ್ಲ.

ಪ್ರಶ್ನೆ ಜಾಸ್ತಿ ಮಾಡಿ. ಪರೀಕ್ಷೆ ಉದ್ದವಾದರೆ ಈ ಅಂಕಿ ಎಷ್ಟು ಏರುತ್ತೆ ಅಂತ ಹೇಳುವ ಸ್ಪಿಯರ್‌ಮನ್-ಬ್ರೌನ್ ಸೂತ್ರಕ್ಕೆ 0.64 ಹಾಕಿದರೆ, 0.70 ತಲುಪಲು ಪರೀಕ್ಷೆ ಸುಮಾರು 1.31 ಪಟ್ಟು ಉದ್ದ ಆಗಬೇಕು. ಅಂದರೆ 40 ಪ್ರಶ್ನೆ. ಇನ್ನು ಹತ್ತು, ಅಷ್ಟೇ. ಆದರೆ ಅವೂ ಈಗಿರುವಷ್ಟೇ ಒಳ್ಳೆಯವಾಗಿರಬೇಕು.

ನಿಮ್ಮ ಎಸ್‌ಡಿ (ಮಕ್ಕಳ ಅಂಕ ಸರಾಸರಿಯ ಸುತ್ತ ಎಷ್ಟು ಚದುರಿದೆ ಅನ್ನುವ ಅಳತೆ) ಎಷ್ಟು?

ಸೀಮೆಸುಣ್ಣ
3.85.

ಎಣಿಕೆಮನೆ
ಹಾಗಾದರೆ ಅಳತೆಯ ದೋಷ 3.85 × √(1 − 0.64), ಸುಮಾರು 2.3 ಅಂಕ. 18 ತೆಗೆದವನಿಗಿಂತ 20 ತೆಗೆದವನು ಜಾಣ ಅಂತ ಈ ಪರೀಕ್ಷೆ ನಂಬಿ ಹೇಳಕ್ಕಾಗಲ್ಲ. ಪ್ರಬಂಧದಲ್ಲಿ ಆಲ್ಫಾ ಪಕ್ಕದಲ್ಲೇ ಇದನ್ನೂ ಬರೆಯಿರಿ.

ಸೀಮೆಸುಣ್ಣ
ಬರೆಯುತ್ತೇನೆ ಸರ್. ಬೆಳ್ಳಿ ಬರೆದವರಿಗೆಲ್ಲ ಸೋಮವಾರ ಅಂಕ ವಾಪಸ್ ಕೊಡುತ್ತೇನೆ. ಹೊಸ ಹತ್ತು ಪ್ರಶ್ನೆ ಇಲ್ಲೇ ಹಾಕುತ್ತೇನೆ, ಕೀ ಸಮೇತ. ಹಳೇ ಮೇಷ್ಟ್ರೇ, ನೀವು ನೋಡದೆ ಝೆರಾಕ್ಸಿಗೆ ಕೊಡಲ್ಲ.